ಸ್ಟ್ಯಾಂಡಿನ ಮೊದಲ ಜಾಗ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಸ್ಟೇರಿಂಗ್ ಹಿಡಿದರೆ ಮಾತ್ರ ಮನುಷ್ಯನಾಗುತ್ತೇನೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅರವತ್ತರ ದಶಕದಲ್ಲಿ ಸಾಗರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇದ್ದದ್ದು ಎಂಟೇ ಕಾರು. ಸಾಲಿನ ಮೊದಲ ಜಾಗಕ್ಕೆ ಹಲಸಿನ ಮರದ ನೆರಳು, ಬಂದ ಗಿರಾಕಿ ಮೊದಲು ಹತ್ತುವುದೂ ಅಲ್ಲೇ. ಕೊನೆಯ ಜಾಗ ಚರಂಡಿ ಪಕ್ಕ. ಅಲ್ಲಿ ಮೂಗು ಮುಚ್ಚಿಕೊಂಡೇ ಕೂರಬೇಕು.

ಮೊದಲ ಜಾಗ ಯಾರದು ಎಂದು ತೀರ್ಮಾನವಾಗುತ್ತಿದ್ದದ್ದು ಆಯುಧಪೂಜೆಯ ಮಾರನೇ ದಿನದ ರೇಸಿನಲ್ಲಿ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಯ ಬಸ್ ನಿಲ್ದಾಣದವರೆಗೆ. ದಿನಾ ಬಾಡಿಗೆಗೆ ಓಡಿಸುವ ಕಾರೇ ಆಗಬೇಕು, ಒಂದು ಬೋಲ್ಟೂ ಬದಲಾಯಿಸುವಂತಿಲ್ಲ, ಪೂಜೆಯ ಹಾರವನ್ನೂ ಬಿಚ್ಚುವಂತಿಲ್ಲ. ಗೆದ್ದವನಿಗೆ ವರ್ಷಪೂರ್ತಿ ಹಲಸಿನ ನೆರಳು, ಎರಡನೆಯವನಿಗೆ ಚರಂಡಿ. ಉಳಿದವರದು ಹಿಂದಿನ ಜಾಗವೇ. ಹೀಗಾಗಿ ಗೆಲ್ಲುವ ಧೈರ್ಯ ಇದ್ದವನು ಮಾತ್ರ ರೇಸಿಗೆ ಇಳಿಯುತ್ತಿದ್ದ. ಆರು ವರ್ಷ ನಾನೇ ಗೆದ್ದಿದ್ದೆ.

ಆ ವರ್ಷ ಇಳಿದವರು ಇಬ್ಬರೇ: ನಾನು, ಮತ್ತು ನಾನೇ ಕ್ಲಚ್ಚು ಬಿಡುವುದು ಕಲಿಸಿದ್ದ ಶಿಷ್ಯ. ಅವನದು ಹೊಸ ಕಾರು, ನನ್ನದು ಮುದಿ ಕರಿ ಕಾರು.

"ಮಾವ, ಚರಂಡಿ ಪಕ್ಕ ಜಾಗ ಗುಡಿಸಿ ಇಟ್ಟೀನಿ, ನಿಮಗೇಯ" ಅಂದ.

"ಬಾಯಿ ಮುಚ್ಕೊಂಡು ಗೇರು ಹಾಕು!" ಅಂದೆ. ಒಳಗೆ ಮಾತ್ರ ಹೆದರಿಕೆಯಿತ್ತು. ಆ ನೆರಳು ಹೋದರೆ ನನಗೆ ವಯಸ್ಸಾಯಿತು ಎಂದು ಊರಿಗೇ ಡಂಗುರ ಸಾರಿದ ಹಾಗೆ.

ಹೊಸನಗರ ದಾಟುವಾಗ ನಾನೇ ಮುಂದಿದ್ದೆ. ಇನ್ನೂ ಎರಡು ಮೈಲಿ ಹೋಗಿರಬೇಕು, ರಸ್ತೆ ಬದಿಯಲ್ಲಿ ಒಬ್ಬ ಅಜ್ಜಿ ಕೈ ಎತ್ತಿದಳು. ನನ್ನ ಕಾಲು ಬ್ರೇಕಿನ ಮೇಲೆ! ಇಪ್ಪತ್ತೈದು ವರ್ಷ ಕೈ ಎತ್ತಿದವರಿಗೆಲ್ಲ ನಿಲ್ಲಿಸಿದ ಕಾಲು ಅದು, ನನ್ನನ್ನು ಕೇಳಲೇ ಇಲ್ಲ.

"ಅಮ್ಮಾ, ಇವತ್ತು ಬಾಡಿಗೆ ಇಲ್ಲ. ರೇಸು!"

"ಒಳ್ಳೇದೇ ಆತಲ್ಲ, ಬೇಗ ಹೋಗ್ತದೆ" ಎನ್ನುತ್ತ ಹತ್ತಿಯೇಬಿಟ್ಟಳು. ಮಡಿಲಲ್ಲಿ ಒಂದು ಭರಣಿ. ತೀರ್ಥಹಳ್ಳಿಯಲ್ಲಿ ಮಗಳು ಹೆತ್ತಿದ್ದಳಂತೆ, ಅವಳಿಗೆ ಬಾಣಂತಿ ಲೇಹ್ಯ.

ಅಷ್ಟರಲ್ಲಿ ಶಿಷ್ಯ ಹಾರನ್ ಹೊಡೆಯುತ್ತ ಮುಂದೆ ಹೋದ. ಅಜ್ಜಿಗೆ ರೋಷ ಬಂತು. "ಎಂತ ಮಾರಾಯಾ, ನೋಡ್ತಾ ಕೂತ್ಯಲ್ಲ? ಹೊಡಿ ಗಾಡಿ!" ಹೊಡೆದೆ. ತಿರುವು ತಿರುವಿಗೂ ಅವಳು ಭರಣಿ ತಬ್ಬಿಕೊಂಡು "ಹಾಂ, ಹಾಂಗೆ!" ಅನ್ನುವಳು. ಒಂದು ಏರಿನಲ್ಲಿ ಅವನನ್ನು ಹಿಂದೆ ಹಾಕಿದಾಗ ಕಿಟಕಿಯಿಂದ ತಲೆ ಹೊರಹಾಕಿ, "ನಿಧಾನ ಬಾರೋ, ಹುಷಾರು!" ಎಂದು ಕೂಗಿದಳು. ಅಯ್ಯೋ, ಅಷ್ಟು ಖುಷಿಯಾಗಿ ನಾನು ಯಾವತ್ತೂ ಗಾಡಿ ಓಡಿಸಿರಲಿಲ್ಲ.

ತೀರ್ಥಹಳ್ಳಿ ಬಂತು. ಬಸ್ ನಿಲ್ದಾಣದ ಮುಂದೆ ನಿಂತ ಜನ ಕಾಣುತ್ತಿದ್ದರು. ನಾನೇ ಮುಂದೆ.

"ನಿಲ್ಸು ನಿಲ್ಸು, ಇದೇ ಮನೆ!"

ಕಾಲು ಮತ್ತೆ ಬ್ರೇಕಿನ ಮೇಲೆ.

"ಭರಣಿ ಹುಷಾರು, ಬಾಗಿಲು ಹಿಡ್ಕೋ" ಎಂದು ಅವಳು ಒಂದೊಂದೇ ಕಾಲು ಇಳಿಸುತ್ತಿದ್ದಾಗ ಶಿಷ್ಯ ಧೂಳೆಬ್ಬಿಸಿಕೊಂಡು ಹೋದ. ಬಾಯಿಗೆ ಬಂದದ್ದೆಲ್ಲ ಬೈಯಬೇಕೆಂದು ತಿರುಗಿದೆ.

ಅಜ್ಜಿಯ ಮುಖ ಅರಳಿತ್ತು. "ಗೆದ್ವಲ್ಲ! ಮಗಳ ಮನೆಗೆ ನಾವೇ ಮೊದ್ಲು ಬಂದದ್ದು!"

ಏನು ಬೈಯುವುದು? ಬಾಗಿಲು ಹಿಡಿದುಕೊಂಡೇ ನಕ್ಕುಬಿಟ್ಟೆ. ಒಳಗೆ ಕರೆದು ಮೊಮ್ಮಗಳನ್ನು ತೋರಿಸಿದಳು. ಒಂದು ಚಮಚ ಲೇಹ್ಯ ನನ್ನ ಬಾಯಿಗೂ ಬಿತ್ತು.

ಮರುದಿನ ಚರಂಡಿ ಪಕ್ಕ ಕಾರು ನಿಲ್ಲಿಸಿದೆ. ಶಿಷ್ಯ ರಾತ್ರಿಯೊಳಗೇ ಹೋಟೆಲು, ಕಟಿಂಗ್ ಶಾಪು ಒಂದನ್ನೂ ಬಿಡದೆ ನನ್ನ ಕಥೆ ಹೇಳಿ ನಗಿಸಿದ್ದ. ಬೆಳಿಗ್ಗೆ ಗಂಟುಮೂಟೆಯೊಂದಿಗೆ ಗಿರಾಕಿಯೊಬ್ಬರು ಬಂದರು. ಶಿಷ್ಯ ಬಾಗಿಲು ತೆಗೆದ. ಅವರು ಹತ್ತಲಿಲ್ಲ.

"ರೇಸಲ್ಲೂ ಹೇಳಿದಲ್ಲಿ ನಿಲ್ಸಿದ್ನಂತಲ್ಲ, ಅವನ ಗಾಡಿ ಯಾವ್ದು? ಮನೆಯವ್ರು ಬಸುರಿ, ಅಲ್ಲಲ್ಲಿ ನಿಲ್ಲಿಸ್ಬೇಕಾಗ್ತದೆ."

ಶಿಷ್ಯ ಹುಳ್ಳಗೆ ಮುಖ ಮಾಡಿಕೊಂಡು ಚರಂಡಿಯ ಕಡೆ ಕೈ ತೋರಿಸಿದ. ಮಧ್ಯಾಹ್ನ ಇನ್ನೊಬ್ಬರು, ಸಂಜೆ ಮತ್ತೊಬ್ಬರು.

ವಾರ ಕಳೆಯುವುದರೊಳಗೆ ಅವನೇ ಬಂದ. "ಮಾವ, ಜಾಗ ಬದ್ಲಾಯಿಸ್ಕಳಣಾ? ನೆರಳು ನೀವೇ ಇಟ್ಕಳಿ."

"ಹೋಗೋ! ಕಷ್ಟಪಟ್ಟು ಸೋತು ತಗೊಂಡ ಜಾಗ ಇದು" ಅಂದೆ. ಕೊಡಲಿಲ್ಲ.