ಜರಡಿ ನರ್ಸಕ್ಕ

ಅವರ ಬಲಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಾದರೂ ಸರಿ, ಬಗ್ಗಿ ಆಕೆಯ ಪಾದದ ಮೇಲೆ ಹೆಬ್ಬೆರಳು ಊರಿ, ತೆಗೆದು, ಕಾಲು ಬಾತಿದೆಯೇ, ಕುಳಿ ಬಿತ್ತೇ ಎಂದು ನೋಡುತ್ತಿದ್ದರು. ಕುಳಿ ಹಾಗೇ ಉಳಿದರೆ, "ನಾಳೆ ಆಸ್ಪತ್ರಿಗೆ ಬರ್ರಿ" ಎಂದು ಗದರುತ್ತಿದ್ದರು. ಹಡಗಲಿಯಿಂದ ಹೊಳಲಿಗೆ ಹೋಗುವ ಬಸ್ಸಿನಲ್ಲಿ ಅವರನ್ನು ಕಂಡರೆ ಹೆಂಗಸರು ಸೀರೆಯಂಚನ್ನು ಕಾಲಿನ ಮೇಲೆಳೆದುಕೊಂಡು ನಗುತ್ತಿದ್ದರು.

ಆರೋಗ್ಯ ಕೇಂದ್ರದಲ್ಲಿ ದುಡಿಯುತ್ತಿದ್ದ ಅವರು ಎಲ್ಲರಿಗೂ ನರ್ಸಕ್ಕ. ಕಿಡ್ನಿ ಸೋತರೆ ಮೈಯಲ್ಲಿ ಮತ್ತೇನೇನು ಕೆಡುತ್ತದೆ ಎಂದು ತಿಳಿಯುವ ಸಂಶೋಧನೆಯೊಂದಕ್ಕೆ ಹಳ್ಳಿಗಳಲ್ಲಿ ರಕ್ತ, ಮೂತ್ರ ಸಂಗ್ರಹಿಸುವ ಕೆಲಸಕ್ಕೆ ನಾನು ಸೇರಿದಾಗ ಜೊತೆಗೆ ಬಂದವರು ಅವರೇ. ಓದಿದವಳೆಂಬ ಜಂಬ ನನಗೆ ಆಗ ಜಾಸ್ತಿಯೇ ಇತ್ತು.

ಮೊದಲ ದಿನ, ಹೊಳಲಿನಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದ ಅಜ್ಜಿಯೊಬ್ಬರ ಮುಂದೆ ಫಾರಂ ಹಿಡಿದು ಗಟ್ಟಿಯಾಗಿ ಓದಿದೆ: "ನಿಮ್ಮ ಮೂತ್ರಪಿಂಡದ ಪರೀಕ್ಷೆಗೆ ಒಪ್ಪಿಗೆ ಇದೆಯೇ?"

ಅಜ್ಜಿ ಹೂವಿನ ಬುಟ್ಟಿ ಸರಿಸಿ ಎದ್ದೇಬಿಟ್ಟರು. "ನಾ ಇನ್ನೂ ಕಣ್ಣು ಬಿಟ್ಕೊಂಡು ಕುಂತೀನಿ, ಆಗ್ಲೇ ನನಗ ಪಿಂಡ ಇಡಾಕ ಬಂದಿಯೇನು?"

ನರ್ಸಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಆ ಪಿಂಡ ಅಲ್ಲಬೇ ಅಜ್ಜಿ. ನಮ್ಮ ಬೆನ್ನಾಗ ಎರಡು ಜರಡಿ ಅದಾವ, ರಕ್ತ ಸೋಸ್ತಾವ. ಅವು ಕೆಟ್ರ ರಕ್ತ ಕಡಿಮಿ ಆಕ್ಕತಿ, ಎಲುಬು ಸವೀತಾವ, ಎದಿಗೂ ತ್ರಾಸ. ಜರಡಿ ನೆಟ್ಟಗ ಐತೇನು ನೋಡಾಕ ಬಂದೀವಿ, ಅಷ್ಟ."

ಅಜ್ಜಿ ಇನ್ನೂ ಅನುಮಾನಿಸಿದಾಗ ನರ್ಸಕ್ಕ ತಾವೇ ಡಬ್ಬಿ ಹಿಡಿದು ಬಚ್ಚಲಿಗೆ ಹೋಗಿಬಂದರು, ರಕ್ತಕ್ಕೂ ತೋಳು ಚಾಚಿದರು. "ಬರ್ಕೋ ಹುಡುಗಿ, ನಂದೇ ಮೊದಲ್ನೇ ನಂಬರು." ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿ ಡಬ್ಬಿ ಹಿಡಿದು ನಿಂತಿತ್ತು.

ಫಲಿತಾಂಶದ ಹಾಳೆಗಳು ಬಂದಾಗ ಕೆಂಪು ಗುರುತು ಇದ್ದದ್ದು ಆ ಮೊದಲನೆಯ ನಂಬರಿಗೇ. ಊರವರ ಕಾಲನ್ನೆಲ್ಲ ಒತ್ತಿ ನೋಡುವವರಿಗೆ ಇದನ್ನು ಹೇಗೆ ಹೇಳುವುದು? ಹಾಳೆಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಎರಡು ದಿನ ಅವರ ಪಕ್ಕದಲ್ಲೇ ಕೂತು ಬುತ್ತಿ ಉಂಡೆ. ಮೂರನೆಯ ದಿನ ಕೊಟ್ಟೆ.

ಕನ್ನಡಕ ಏರಿಸಿ ತಾರೀಖಿನ ಸಮೇತ ಓದಿದರು. ಆಮೇಲೆ ಪರ್ಸಿನಿಂದ ಮಂಡಿನೋವಿನ ಗುಳಿಗೆಯ ಪಟ್ಟಿ ತೆಗೆದು ತಿರುಗಿಸಿ ನೋಡಿದರು. ವರ್ಷಗಟ್ಟಲೆ ದಿನಾ ನುಂಗುತ್ತಿದ್ದ ಆ ಗುಳಿಗೆ, ಸೋತ ಕಿಡ್ನಿಗೆ ವಿಷ.

"ಎರಡು ದಿನ ಮುಚ್ಚಿಟ್ಟಿ. ಅಷ್ಟ್ರಾಗ ಇನ್ನ ನಾಕು ನುಂಗಿದ್ನಲ್ಲಲೇ, ಹುಚ್ಚಿ."

ಆ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ನನಗೆ ಅಳು ತಡೆಯಲಾಗಲಿಲ್ಲ. ತಲೆ ಸವರಿ, "ಇನ್ನ ಮ್ಯಾಲೆ ಯಾರ ಕಾಗದಾನೂ ನಿನ್ನ ಬ್ಯಾಗಿನಾಗ ಒಂದು ದಿನಾನೂ ಉಳೀಬಾರ್ದು" ಎಂದರು.

ಗುಳಿಗೆ ಬಿಟ್ಟರು, ಉಪ್ಪು ಬಿಟ್ಟರು. "ಸಪ್ಪನ ಪಲ್ಯ ತಿಂದು ನಾನೂ ಸಪ್ಪಗಾಗೀನಿ ನೋಡು" ಎಂದು ಚೇಷ್ಟೆ ಮಾಡುತ್ತಲೇ ಕೆಲವು ವರ್ಷ ತಳ್ಳಿದರು. ನಿವೃತ್ತಿಯಾಗಿ ಕೊಟ್ಟೂರಿಗೆ ಹೋದ ಮೇಲೆ ಡಯಾಲಿಸಿಸ್ ಶುರುವಾಯಿತು. ನಾನು ಹೋದಾಗಲೆಲ್ಲ ಮೊದಲು ನನ್ನ ಕಾಲನ್ನೇ ಒತ್ತಿ ನೋಡುತ್ತಿದ್ದರು.

ಅವರು ತೀರಿಹೋದರೆಂದು ಅವರ ಯಜಮಾನರು ಫೋನ್ ಮಾಡಿದ ಬೆಳಿಗ್ಗೆ ನಾನು ಹಡಗಲಿಯಲ್ಲಿದ್ದೆ. ಬ್ಯಾಗಿನಲ್ಲಿ ಆಗಷ್ಟೇ ಕೈಸೇರಿದ ಒಂದು ಕಾಗದವಿತ್ತು. ಅದೇ ಹೂವಿನಜ್ಜಿಯದು, ಈ ಸಲ ಕೆಂಪು ಗುರುತು ಬಿದ್ದದ್ದು. ಕೊಟ್ಟೂರಿನ ಬಸ್ಸು ಎದುರಿಗೇ ನಿಂತಿತ್ತು. ನಾನು ಹೊಳಲಿನ ಬಸ್ಸು ಹತ್ತಿದೆ.

ಕೊಟ್ಟೂರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಕಟ್ಟೆಯ ಮೇಲೆ ಕೂತಿದ್ದ ಯಜಮಾನರು ಕೇಳಿದರು, "ಮುಖ ನೋಡ್ತಿ ಅಂತ ಭಾಳ ಹೊತ್ತು ಕಾದ್ವಿ. ಯಾಕ ತಡಾ ಆತವ್ವ?"

"ಹೊಳಲಿಗೆ ಹೋಗಿದ್ದೆ. ಒಂದು ಕಾಗದ ಇತ್ರಿ."

"ಕೊಟ್ಟ್ಯಾ?"

"ಕೊಟ್ಟೇರಿ."

"ಹಂಗಾದ್ರ ಆಕಿ ಬೈತಿದ್ದಿಲ್ಲ ಬಿಡು" ಎಂದು ಎದ್ದುಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟರು.