ಸದ್ದು ಮಾಡುವ ಮೋಟಾರು

ನಮ್ಮಕ್ಕನಿಗೆ ಅರವತ್ತೆರಡು. ಓಡಬೇಡಿ, ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಆದರೂ ದಿನಕ್ಕೆ ಒಂದೆರಡು ಸಲವಾದರೂ ಓಡುತ್ತಾಳೆ. ಹೊಲಿಗೆ ಯಂತ್ರದ ಮುಂದೆ ಕೂತವಳು, ಗ್ಯಾರೇಜಿನ ಬಾಗಿಲು ಗಡಗಡ ಎಂದ ಕೂಡಲೇ ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬೀಳುತ್ತಾಳೆ. ಎಷ್ಟೋ ಸಲ ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿರುತ್ತದೆ. ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಾಗ ಅವರನ್ನು ಕೈಚಾಚಿಕೊಂಡೇ ನಿಲ್ಲಿಸಿ ಹೋದದ್ದೂ ಉಂಟು.

ಹೀಗೆ ಓಡಿಸುವವರು ನಮ್ಮ ಭಾವ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಅವರ ಗ್ಯಾರೇಜಿಗೆ ಕಾರು ಎಂದೂ ಬರಲಿಲ್ಲ, ಅದೇ ಅವರ ಕಾರ್ಖಾನೆ. ದೊಡ್ಡ ಬೀರುಗಳನ್ನು ಹೊರಗೆ ಸಾಗಿಸಲು ಅನುಕೂಲವೆಂದು ಮೇಲಕ್ಕೆ ಸರಿಯುವ ಬಾಗಿಲು ಹಾಕಿಸಿ, ಅದಕ್ಕೊಂದು ಚೈನಿನ ಮೋಟಾರು ಕೂರಿಸಿದ್ದರು. ಗೋಡೆಯ ಗುಂಡಿ ಒತ್ತಿದರೆ ಬಾಗಿಲು ಇಡೀ ಬೀದಿಯನ್ನು ಬೈಯುತ್ತಾ ಮೇಲೇರುತ್ತಿತ್ತು. ಮೂರು ವರ್ಷದಿಂದ ಭಾವನಿಗೆ ಮರೆವಿನ ಕಾಯಿಲೆ. ಮೊದಲು ಅಳತೆಗಳು ಹೋದವು, ಆಮೇಲೆ ಗಿರಾಕಿಗಳ ಮುಖಗಳು, ಆಮೇಲೆ ಮನೆಯ ದಾರಿ. ಗರಗಸವನ್ನೂ ಉಳಿಗಳನ್ನೂ ಅಕ್ಕ ಎತ್ತಿಟ್ಟಿದ್ದಾಳೆ. ಈಗ ಅವರು ಒಂದೇ ಒಂದು ಸ್ಟೂಲಿನ ಕಾಲನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಾ ಕೂರುತ್ತಾರೆ. ಬೇಸರವಾದಾಗ ಗುಂಡಿ ಒತ್ತಿ ನಡೆದುಬಿಡುತ್ತಾರೆ.

ಗ್ಯಾರೇಜಿನ ಬಾಗಿಲಿಗೆ ಬೀಗ ಹಾಕು ಎಂದವಳು ನಾನೇ. ಅಕ್ಕನ ಮನೆಯಿಂದ ಎರಡು ಬೀದಿ ಆಚೆಗಿದ್ದೇನೆ, ಶಾಲೆಯ ಲೈಬ್ರರಿಯಲ್ಲಿ ಕೆಲಸ, ಎಲ್ಲವೂ ಅದರದರ ಜಾಗದಲ್ಲಿ ಇರಬೇಕೆನ್ನುವ ಸ್ವಭಾವ. ಅಕ್ಕ ಒಂದು ದಿನ ನನ್ನ ಮಾತು ಕೇಳಿ ಬೀಗ ಜಡಿದಳು. ಭಾವ ಬಾಗಿಲು ಬಡಿಯಲಿಲ್ಲ, ಕೂಗಾಡಲಿಲ್ಲ. ಅಲ್ಲೇ ಇದ್ದ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ನಾನೇನಾದ್ರೂ ತಪ್ಪು ಮಾಡಿದ್ನೇನಮ್ಮ?" ಅಂದು ಸಂಜೆಯೇ ಅಕ್ಕ ಬೀಗ ಕಿತ್ತು ಕಸದ ಬುಟ್ಟಿಗೆ ಹಾಕಿದಳು.

ಅಂದಿನಿಂದ ಅವಳದು ಪತ್ತೇದಾರಿ ಕೆಲಸ. ಬಾಗಿಲು ಸದ್ದು ಮಾಡಿದರೆ ಸಾಕು, ಇಪ್ಪತ್ತು ಹೆಜ್ಜೆ ಹಿಂದೆ ಇವಳು. ಅವರನ್ನು ತಡೆಯುವುದಿಲ್ಲ, ಕರೆಯುವುದಿಲ್ಲ. ಅವರು ಸುಸ್ತಾಗಿ ನಿಂತಾಗ ಎದುರಿಗೆ ಹೋಗಿ ನಾಟಕ ಶುರು: "ಅಯ್ಯೋ, ನೀವೂ ಇಲ್ಲೇ ಇದ್ದೀರಾ? ನಾನು ಸೂಜಿ ತಗೊಳ್ಳೋಣ ಅಂತ ಬಂದೆ ನೋಡ್ರೀ. ಬನ್ನಿ, ಜೊತೇಲೇ ಹೋಗೋಣ." ಹೀಗೆ ಕೊಂಡ ಸೂಜಿಗಳಿಂದ ಊರಿಗೆಲ್ಲ ಬಟ್ಟೆ ಹೊಲಿಯಬಹುದು. ತನ್ನ ಮೇಲೆ ಕಾವಲಿದೆ ಎಂದು ಅವರಿಗೆ ಗೊತ್ತಾಗಬಾರದು, ಗೊತ್ತಾದರೆ ಮನುಷ್ಯ ಕುಸಿದುಹೋಗುತ್ತಾರೆ ಎನ್ನುವುದು ಅವಳ ಹೆದರಿಕೆ. "ನೀನು ಬಾಯಿಬಿಟ್ಟೀಯ ಜೋಕೆ" ಎಂದು ನನಗೂ ತಾಕೀತು.

ಹೋದ ತಿಂಗಳು ಆ ಮೋಟಾರು ಸುಟ್ಟುಹೋಯಿತು. ರಿಪೇರಿಯವನು ಬಂದು ನೋಡಿ, ಇದರ ಆಯಸ್ಸು ಮುಗಿಯಿತು, ಹೊಸದು ಹಾಕಿಸಿ ಎಂದ. ಮೋಟಾರು ಕಳಚಿದ ಮೇಲೆ ಬಾಗಿಲನ್ನು ಕೈಯಲ್ಲೇ ಎತ್ತಬೇಕು. ಸ್ಪ್ರಿಂಗಿನ ಬಲದಿಂದ ಅದು ಹೂವಿನಂತೆ ಹಗುರವಾಗಿ, ಒಂದಿಷ್ಟೂ ಸದ್ದಿಲ್ಲದೆ ಏಳುತ್ತದೆ. ಮೂರು ದಿನ ಅಕ್ಕ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಗ್ಯಾರೇಜಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಬಚ್ಚಲಿಗೆ ಹೋಗಬೇಕಾದರೂ ನನಗೆ ಫೋನು. ಮೂರನೆಯ ದಿನ ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ನನಗೇ ಸಿಟ್ಟು ಬಂತು. "ಏಳು, ಇವತ್ತೇ ಹೋಗಿ ಹೊಸದು ತರೋಣ" ಎಂದೆ. ಭಾವನನ್ನು ಬಿಟ್ಟು ಹೋಗುವುದೆಲ್ಲಿಗೆ? ಮೂವರೂ ಹೊರಟೆವು.

ಅಂಗಡಿಯವನು ಮಾತಿನ ಮಲ್ಲ. ಅಂಗಡಿಯ ಪಕ್ಕದ ಬೀದಿಗೆ ತೆರೆಯುವ ದೊಡ್ಡ ಬಾಗಿಲಿಗೆ ತನ್ನ ಅತ್ಯುತ್ತಮ ಮೋಟಾರು ಹಾಕಿಸಿದ್ದ. ಗುಂಡಿ ಒತ್ತಿ, ಕಣ್ಣು ಅರ್ಧ ಮುಚ್ಚಿ, ನಮ್ಮ ಕಡೆ ತಿರುಗಿದ.

"ಏನಾದ್ರೂ ಕೇಳಿಸ್ತಾ ಅಮ್ಮಾ?"

"ಇಲ್ಲ" ಎಂದಳು ಅಕ್ಕ.

"ಅದೇ ಮತ್ತೆ! ಇದು ಬೆಲ್ಟಿನ ಮೋಟಾರು. ಮೇಲಿನ ರೂಮಲ್ಲಿ ಮಗು ಮಲಗಿದ್ರೂ ಎಚ್ಚರ ಆಗಲ್ಲ."

"ಇದು ಬೇಡಪ್ಪ. ಜಾಸ್ತಿ ಸದ್ದು ಮಾಡೋದು ಯಾವುದಿದೆ?"

ಅವನು ನಕ್ಕ. ಅಕ್ಕ ನಗಲಿಲ್ಲ. ಅವನು ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಭಾವ ಪಕ್ಕದಲ್ಲೇ ನಿಂತು ಬಾಗಿಲಿನ ಚೌಕಟ್ಟನ್ನು ಬೆರಳಿನಿಂದ ಸವರುತ್ತಿದ್ದರು.

"ಚೈನಿಂದು ಇದೆ ಮೇಡಂ, ಆದ್ರೆ ಈಗ ಯಾರೂ ಕೇಳಲ್ಲ. ಬೇಕಿದ್ರೆ ಇದಕ್ಕೇ ಫೋನಿಗೆ ಸುದ್ದಿ ಬರೋ ಹಾಗೆ ಮಾಡಿಕೊಡ್ತೀನಿ. ಬಾಗಿಲು ತೆಗೆದ್ರೆ ಟಿಂಗ್ ಅನ್ನುತ್ತೆ."

"ನನ್ನ ಹೊಲಿಗೆ ಮಿಷನ್ ಮುಂದೆ ನಿನ್ನ ಟಿಂಗ್ ಎಲ್ಲಿ ಕೇಳಿಸುತ್ತಪ್ಪ? ಗೋಡೆ ನಡುಗಬೇಕು ನನಗೆ."

ಅವನಿಗೆ ತಲೆ ಕೆಟ್ಟಿರಬೇಕು. ಆದರೂ ವ್ಯಾಪಾರಿ, ಕೈಗೆ ಬಂದ ಗಿರಾಕಿಯನ್ನು ಬಿಟ್ಟಾನೆಯೇ? ಬೆಲ್ಟಿನ ಬಾಗಿಲನ್ನು ಇಳಿಸಿ, ಒಳಗಿನ ಮೇಜಿನ ಮೇಲಿದ್ದ ಚೈನಿನ ಮೋಟಾರಿನ ಬಳಿಗೆ ನಮ್ಮನ್ನು ಕರೆದೊಯ್ದ. ಅಕ್ಕ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಕರೆಂಟು ಹೋದರೆ ಏನು ಗತಿ? ಬಾಗಿಲು ಇಳಿಯುವಾಗ ಕೆಳಗೆ ಮನುಷ್ಯ ನಿಂತಿದ್ದರೆ? ಅಡ್ಡ ಬಂದರೆ ವಾಪಸ್ ಏಳುತ್ತದೆ, ಕೆಳಗೆ ಎರಡು ಕಡೆ ಸೆನ್ಸರಿನ ಕಣ್ಣಿರುತ್ತದೆ ಎಂದ. "ಮನುಷ್ಯ ಅಲ್ಲಾಡದೆ ನಿಂತುಬಿಟ್ರೂ?" ಎಂದಳು. "ಹೂಂ, ಆಗಲೂ" ಎಂದ. ಬಂದಾಗಿನಿಂದ ಮೊದಲ ಸಲ ಅವಳ ಭುಜ ಸ್ವಲ್ಪ ಸಡಿಲವಾಯಿತು. "ಇದನ್ನೇ ಕೊಡಿ" ಎನ್ನುತ್ತಾ ತಿರುಗಿದಳು.

ಅಂಗಡಿಯ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಪಕ್ಕದ ಬಾಗಿಲು ಪೂರ್ತಿ ತೆರೆದಿತ್ತು. ಭಾವ ಇರಲಿಲ್ಲ.

ಐದು ಹೆಜ್ಜೆ ದೂರದಲ್ಲಿ ಆ ಬಾಗಿಲು ಮೇಲೇರಿದ್ದು ಮೂವರಲ್ಲಿ ಒಬ್ಬರಿಗೂ ಕೇಳಿಸಿರಲಿಲ್ಲ. ಅಕ್ಕ ಚೀಲವನ್ನು ಮೇಜಿನ ಮೇಲೆ ಬಿಟ್ಟು ಆಗಲೇ ಬೀದಿಯಲ್ಲಿದ್ದಳು. "ಎಡಕ್ಕೆ! ಅವರು ಯಾವಾಗಲೂ ಎಡಕ್ಕೇ ತಿರುಗೋದು!" ಎಂದು ಕೂಗುತ್ತಾ ಓಡಿದಳು. ಬೀದಿಯ ತುದಿಯಲ್ಲಿ ದೊಡ್ಡ ರಸ್ತೆ, ಎಡೆಬಿಡದೆ ಲಾರಿಗಳು. ನಮಗೆ ಪರಿಚಯವಿಲ್ಲದ ಬಡಾವಣೆ. ಅವರ ಜೇಬಿನಲ್ಲಿ ವಿಳಾಸದ ಚೀಟಿಯೂ ಇಲ್ಲ, ಇಡಲು ಅಕ್ಕ ಬಿಟ್ಟಿರಲಿಲ್ಲ. ಇವತ್ತು ಏನಾದರೂ ಆದರೆ ನಾಳೆಯಿಂದ ಆ ಗ್ಯಾರೇಜಿಗೆ ಬೀಗವೇ ಗತಿ, ಆ ಬೀಗವನ್ನು ನಾನೇ ತಂದುಕೊಡಬೇಕು ಎಂದುಕೊಳ್ಳುತ್ತಾ ಓಡಿದೆ. ಮುಂದೆ ಅಕ್ಕ ಮಂಡಿ ಹಿಡಿದುಕೊಂಡು ಕುಂಟುತ್ತಿದ್ದಳು, ಮತ್ತೆ ಓಡುತ್ತಿದ್ದಳು. ಕಂಡಕಂಡವರನ್ನು ಕೇಳಿದೆ. ಉದ್ದಕ್ಕಿದ್ದಾರೆ, ಬಿಳಿ ಕೂದಲು, ಬೂದು ಬಣ್ಣದ ಅಂಗಿ. ಯಾರೂ ನೋಡಿರಲಿಲ್ಲ.

ದೊಡ್ಡ ರಸ್ತೆಯ ಮೂಲೆಯಲ್ಲಿ ಸಿಕ್ಕರು. ಜನರೆಲ್ಲ ರಸ್ತೆ ದಾಟಲು ಆ ಕಡೆ ಮುಖ ಮಾಡಿ ನಿಂತಿದ್ದರೆ, ಅವರೊಬ್ಬರೇ ಬಂದ ದಾರಿಯನ್ನು ನೋಡುತ್ತಾ ನಿಂತಿದ್ದರು. ಬೆವರಿನಲ್ಲಿ ಅಂಗಿ ತೊಯ್ದಿತ್ತು. ಅಕ್ಕ ಏದುಸಿರು ಬಿಡುತ್ತಲೇ ಮುಖಕ್ಕೆ ನಗು ತಂದುಕೊಂಡಳು.

"ಅಯ್ಯೋ, ನೀವೂ ಇಲ್ಲೇ..."

"ಎಲ್ಲಿ ಹೋಗಿದ್ದೆ ನೀನು?" ಭಾವ ನಡುವೆಯೇ ಗದರಿದರು. ಅವರ ದನಿಯಲ್ಲಿ ಅಷ್ಟು ಹೆದರಿಕೆಯನ್ನು ನಾನು ಎಂದೂ ಕೇಳಿರಲಿಲ್ಲ. "ಎಷ್ಟು ಸಲ ತಿರುಗಿ ನೋಡಿದೆ ಗೊತ್ತಾ? ದಿನಾ ಹಿಂದೇನೇ ಬರ್ತಿದ್ದೆ. ಇವತ್ತು ಯಾಕೆ ಬರ್ಲಿಲ್ಲ?"

ಅಕ್ಕನ ಇಷ್ಟು ದಿನದ ಕಳ್ಳ ಹೆಜ್ಜೆಗಳು, ಡಬ್ಬಿಗಟ್ಟಲೆ ಸೂಜಿಗಳು, ಎಲ್ಲ ಅವರಿಗೆ ಗೊತ್ತಿತ್ತು. ಅವಳು ಹಿಂದಿದ್ದಾಳೆ ಎಂಬ ಧೈರ್ಯದ ಮೇಲೆಯೇ ಅವರು ಮುಂದೆ ನಡೆದಿದ್ದರು. "ಕೇಳಿಸಲಿಲ್ಲ ರೀ" ಎಂದಳು ಅಕ್ಕ. "ಬಾಗಿಲು ತೆಗೆದದ್ದು ನನಗೆ ಕೇಳಿಸಲೇ ಇಲ್ಲ." ಅಲ್ಲೇ ಕಲ್ಲಿನ ಅಂಚಿನ ಮೇಲೆ ಕೂತು ಅತ್ತುಬಿಟ್ಟಳು. ಭಾವ ಅವಳ ಪಕ್ಕದಲ್ಲಿ ಕೂತರು. ನನಗೂ ಅಳು ತಡೆಯಲಾಗಲಿಲ್ಲ, ತಡೆಯಲು ಪ್ರಯತ್ನವನ್ನೂ ಮಾಡಲಿಲ್ಲ.

ಚೈನಿನ ಮೋಟಾರು ಮರುದಿನವೇ ಬಂತು. ಕೂರಿಸಲು ಬಂದವನು ಸದ್ದು ಕಡಿಮೆಯಾಗಲಿ ಎಂದು ಚೈನಿಗೆ ಗ್ರೀಸು ಹಚ್ಚಲು ಹೊರಟ. ಅಕ್ಕ ಅವನ ಕೈಯಿಂದ ಡಬ್ಬಿ ಕಿತ್ತುಕೊಂಡಳು. ಈಗ ಅವಳು ಇಪ್ಪತ್ತು ಹೆಜ್ಜೆ ಹಿಂದೆ ನಡೆಯಬೇಕಾಗಿಲ್ಲ. ಬಾಗಿಲು ಗಡಗಡ ಎಂದ ಮೇಲೆ ಭಾವ ಹೊರಗೆ ಬಂದು, ಮನೆಯ ಕಡೆ ಮುಖ ಮಾಡಿ ಕಾಯುತ್ತಾರೆ. ಅವಳು ಚಪ್ಪಲಿ ಮೆಟ್ಟಿಕೊಂಡು ಬಂದರೆ "ಹೋಗೋಣ್ವಾ?" ಎನ್ನುತ್ತಾರೆ. ಒಂದೊಂದು ದಿನ ಕಾಯುವುದನ್ನು ಮರೆತುಬಿಡುತ್ತಾರೆ. ಆ ದಿನಗಳು ಹೆಚ್ಚಾಗುತ್ತಿವೆ. ಅಕ್ಕ ಓಡುತ್ತಾಳೆ.