ಎಮ್ಮೆಯ ಹಲ್ಲು ತೋರಿಸಿದ ರಂಗಲಕ್ಷ್ಮಮ್ಮ

ಹಾಗಲವಾಡಿಯ ರಂಗಲಕ್ಷ್ಮಮ್ಮ ಎಂಬತ್ತೆಂಟು ವರ್ಷ ಬಾಳಿದರು. ಅಷ್ಟು ದೊಡ್ಡ ಆಯುಸ್ಸಿನಲ್ಲಿ ಊರವರು ಮೊದಲು ನೆನೆಯುವುದು ಅವರು ಟ್ರೈನಿಂಗಿಗೆ ಹೋದ ೧೯೫೬ರ ಸಂಗತಿಯನ್ನೇ.

ಅವರ ತವರು ಕುಣಿಗಲ್. ಅಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿ ಹೊನ್ನಯ್ಯನವರ ಕೈಹಿಡಿದು ಬಂದವರು ಹದಿನಾಲ್ಕು ವರ್ಷ ರಾಗಿ ಹೊಲದಲ್ಲೇ ದುಡಿದರು. ಸಂಜೆ ಜಗುಲಿಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದುದನ್ನು ಕಂಡ ಊರ ಮೇಷ್ಟ್ರು ಮಹಾಲಿಂಗಯ್ಯ, ಅರ್ಜಿ ಬರೆಸಿ ತುಮಕೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಕೊಡಿಸಿದರು. ಅಲ್ಲಿನ ಉಪ್ಪಾರಹಳ್ಳಿಯಲ್ಲಿ ಪದ್ಮಮ್ಮನವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು.

ವಾರ ಕಳೆಯುವುದರೊಳಗೆ ಹೊನ್ನಯ್ಯ ಬಾಗಿಲಲ್ಲಿ ನಿಂತಿದ್ದರು. ಜೊತೆಗೆ ಎಮ್ಮೆ ಕೆಂಚಿ, ಅದರ ಕರು.

"ಇದೇನು, ಅಷ್ಟು ದೂರದಿಂದ ಹೊಡ್ಕೊಂಡ್ ಬಂದ್ರಿ?"

"ಇನ್ನೇನ್ ಮಾಡ್ಲಿ? ನಾನ್ ಕೂತ್ರೂ ಒದೀತದೆ, ಅವ್ವ ಕೂತ್ರೂ ಒದೀತದೆ. ಒಂದು ತೊಟ್ಟು ಹಾಲು ಬುಟ್ಟಿಲ್ಲ. ನಿನ್ ಎಮ್ಮೆ ನೀನೇ ಇಟ್ಕೋ."

ಪದ್ಮಮ್ಮನವರ ಮುಖ ಸಣ್ಣಗಾಯಿತು. ಅವರು ಕೋಣೆ ಕೊಟ್ಟಿದ್ದು ಒಬ್ಬರಿಗೆ. ರಂಗಲಕ್ಷ್ಮಮ್ಮ ಅಲ್ಲೇ ಕೂತು ಹಾಲು ಕರೆದು, ನೊರೆ ತುಂಬಿದ ತಂಬಿಗೆಯನ್ನು ಅವರ ಕೈಗಿಟ್ಟರು. ವರ್ಷಗಟ್ಟಲೆ ನೀರು ಬೆರೆಸಿದ ಹಾಲು ಕೊಂಡಿದ್ದ ಪದ್ಮಮ್ಮ ಒಂದು ಲೋಟ ಕಾಫಿ ಮಾಡಿ ಕುಡಿದು ಬಂದು, "ನುಗ್ಗೆ ಮರಕ್ಕೆ ಕಟ್ಟಬೇಡಿ, ಮುರಿಯತ್ತೆ. ಆ ಬೇವಿನ ಮರಕ್ಕೆ ಕಟ್ಟಿ" ಎಂದರು.

ವರ್ಷದ ಕೊನೆಗೆ ಪರೀಕ್ಷೆಯ ಪಾಠ. ಎದುರಿಗೆ ಮಕ್ಕಳು, ಹಿಂದಿನ ಬೆಂಚಿನಲ್ಲಿ ಪರೀಕ್ಷಕ ವೆಂಕಟರಂಗಯ್ಯನವರು. ವಿಷಯ ಸಾಕುಪ್ರಾಣಿ. ಕೊಟ್ಟ ಚಾರ್ಟನ್ನು ಗೋಡೆಗೆ ನೇತುಹಾಕಿದ ರಂಗಲಕ್ಷ್ಮಮ್ಮ ಅರೆಕ್ಷಣ ತಡೆದರು. ಅದರಲ್ಲಿ ಬಾಯಿ ತೆರೆದ ಎಮ್ಮೆಗೆ ಯಾರೋ ಮೇಲೂ ಕೆಳಗೂ ಸಾಲು ಹಲ್ಲು ಬರೆದಿದ್ದರು.

"ಮಕ್ಕಳೇ, ಈ ಚಿತ್ರ ತಪ್ಪು. ಎಮ್ಮೆಗೆ ಮೇಲ್ಗಡೆ ಮುಂದಿನ ಹಲ್ಲು ಇರಲ್ಲ."

ವೆಂಕಟರಂಗಯ್ಯ ಎದ್ದು ನಿಂತರು. "ಹನ್ನೆರಡು ವರ್ಷದಿಂದ ಇದೇ ಚಾರ್ಟ್ ಅಮ್ಮ. ಯಾರೂ ಹಾಗಂದಿಲ್ಲ."

ರಂಗಲಕ್ಷ್ಮಮ್ಮ ಚಾರ್ಟಿನತ್ತ ಮತ್ತೊಮ್ಮೆ ನೋಡಿದರು. ಫೇಲಾದರೆ ಊರಿಗೆ ಯಾವ ಮುಖ ಹೊತ್ತು ಹೋಗುವುದು? ಆದರೆ ದಿನಾ ಕಂಡದ್ದನ್ನು ಇಲ್ಲವೆನ್ನುವುದೂ ಆಗಲಿಲ್ಲ. "ನಮ್ಮೆಮ್ಮೆ ಎರಡು ಬೀದಿ ಆಚೆ ಇದೆ ಸಾರ್. ಬನ್ನಿ, ತೋರಿಸ್ತೀನಿ."

ಇಡೀ ಕ್ಲಾಸು ಪದ್ಮಮ್ಮನವರ ಹಿತ್ತಿಲಿಗೆ ನಡೆಯಿತು. ರಂಗಲಕ್ಷ್ಮಮ್ಮ ಕೆಂಚಿಯ ಮೇಲ್ದುಟಿ ಎತ್ತಿ ಹಿಡಿದರು. ಧೈರ್ಯದ ಹುಡುಗಿಯೊಬ್ಬಳು ಒತ್ತಿ ನೋಡಿ, "ಬರೀ ವಸಡು ಸಾರ್" ಎಂದಳು. ವೆಂಕಟರಂಗಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ನಕ್ಕುಬಿಟ್ಟರು. "ಎಮ್ಮೆ ಹಾಲು ಕುಡಿದೇ ಬೆಳೆದವನು, ಒಂದಿನ ಅದರ ಬಾಯಿ ನೋಡಿಲ್ಲ ಕಣಮ್ಮ."

ರಂಗಲಕ್ಷ್ಮಮ್ಮ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಊರ ಶಾಲೆಗೇ ಮೇಡಮ್ಮನಾಗಿ ಬಂದರು. ಬೇಸಾಯವನ್ನೂ ಬಿಡಲಿಲ್ಲ. ೧೯೫೯ರಲ್ಲಿ ಊರ ರೈತ ಕದರಯ್ಯ ತನ್ನ ಮಗಳು ಸಿದ್ದಗಂಗಮ್ಮನನ್ನು ಶಾಲೆ ಬಿಡಿಸಲು ಬಂದ. "ಕಳೆ ಕೀಳಾಕೆ ಆಳಿಲ್ಲ ಮೇಡಮ್ಮ."

"ಭಾನುವಾರ ನಾನೇ ಬರ್ತೀನಿ. ಹುಡುಗೀನ ಬುಡು."

ಹೇಳಿದಂತೆ ಸೀರೆ ಎತ್ತಿಕಟ್ಟಿ ಅವನ ಹೊಲಕ್ಕಿಳಿದರು. ಮಧ್ಯಾಹ್ನಕ್ಕೆ ಕದರಯ್ಯ ನಾಚಿ, "ಸಾಕು ಬುಡಿ, ಓದ್ಲಿ" ಎಂದ.

ಆ ಸಿದ್ದಗಂಗಮ್ಮ ೧೯೬೮ರಲ್ಲಿ ಹೆಬ್ಬೂರಿನ ಶಾಲೆಗೆ ಟೀಚರಾಗಿ ಹೊರಟಾಗ ರಂಗಲಕ್ಷ್ಮಮ್ಮ ಹೊಲದಿಂದ ನೇರ ಬಸ್ಸಿನ ಬಳಿ ಬಂದರು. ಕೈಯೆಲ್ಲ ಮಣ್ಣು. ಸೆರಗಿಗೆ ಒರೆಸಿಕೊಂಡು ಹುಡುಗಿಯ ಟ್ರಂಕನ್ನು ತಾವೇ ಎತ್ತಿ ಒಳಗಿಟ್ಟರು.